ಎರಡು ಟೀಮುಗಳ ನಡುವೆ ಒಬ್ಬ ದುಭಾಷಿ

ಕೆಲವರ ಬಾಯಿಂದ ಬಂದರೆ ಒಳ್ಳೆಯ ಮಾತೂ ಕಹಿಯಾಗಿ ಕೇಳುತ್ತದೆ. ನನ್ನದು ಇದಕ್ಕೆ ತೀರ ಉಲ್ಟಾ. ಎಂಥ ಖಾರದ ಮಾತಾದರೂ ನನ್ನ ಬಾಯಿಯ ಮೂಲಕ ಒಮ್ಮೆ ಹಾದು ಹೋಯಿತೆಂದರೆ ಬೆಲ್ಲ ಹತ್ತಿಸಿಕೊಂಡೇ ಹೊರಗೆ ಬರುತ್ತದೆ. ಬೇಕೆಂದು ಮಾಡುವುದಲ್ಲ, ಅದು ಹಾಗೇ ಆಗಿಬಿಡುತ್ತದೆ. ನಮ್ಮ ಗಲ್ಲಿಯಲ್ಲಿ ನಳದ ನೀರಿಗೆ ಜಗಳ ಹತ್ತಿದರೆ ನನ್ನನ್ನು ಕರೆಯುತ್ತಾರೆ. ಬೀಗರ ನಡುವೆ ಮಾತು ಬಿಟ್ಟರೆ ನನ್ನನ್ನು ಕರೆಯುತ್ತಾರೆ. ಬಹಳ ವರ್ಷ ಇದನ್ನು ನಾನು ನನ್ನ ಗುಣವೆಂದೇ ತಿಳಿದು ಒಳಗೊಳಗೆ ಹಿಗ್ಗುತ್ತಿದ್ದೆ. ಅದು ಗುಣವಲ್ಲ, ಬೇನೆ ಎಂದು ಗೊತ್ತಾದದ್ದು ಈಚೆಗೆ, ನನ್ನ ಮಗಳ ಸಾಫ್ಟ್‌ಬಾಲಿನ ದೆಸೆಯಿಂದ.

ಈ ಬೇನೆ ಹತ್ತಿದ್ದು ನೌಕರಿಯಿಂದ ಇರಬೇಕು. ನಾನು ಮಿರಜದ ಒಂದು ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಬರೆಯುವ ಕೌಂಟರಿನವನು. ಹೆಸರಿಗೆ ಆ ಕೆಲಸ, ನಿಜವಾದ ಕೆಲಸ ಬೇರೆ. ಅಥಣಿ, ರಾಯಬಾಗ, ಜಮಖಂಡಿ ಕಡೆಯಿಂದ ಬಂದಿಳಿಯುವ ಪೇಶಂಟುಗಳಲ್ಲಿ ಎಷ್ಟೋ ಮಂದಿಗೆ ಮರಾಠಿ ಬರುವುದಿಲ್ಲ, ನಮ್ಮ ಡಾಕ್ಟರರಿಗೆ ಕನ್ನಡ ಬರುವುದಿಲ್ಲ. ಒಳಗಿನಿಂದ ಕೂಗು ಬಂದೊಡನೆ ನಾನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹೋಗಿ ಇಬ್ಬರ ನಡುವೆ ನಿಲ್ಲುತ್ತೇನೆ. ನಮ್ಮ ಎಲುಬಿನ ಡಾಕ್ಟರರು ಕೈಗುಣದವರು, ಆದರೆ ಸಿಟ್ಟಿನವರು. "ಪ್ಲಾಸ್ಟರ್ ಹಾಕಿದ ಕಾಲಲ್ಲಿ ಹೊಲಕ್ಕೆ ಹೋಗಿದ್ದಾನಲ್ಲ, ಈತನಿಗೆ ತಲೆ ಇದೆಯೋ ಇಲ್ಲವೋ ಕೇಳು" ಎಂದು ಅವರು ಮರಾಠಿಯಲ್ಲಿ ಗುಡುಗಿದರೆ, ನಾನು ಕನ್ನಡದಲ್ಲಿ, "ಕಾಕಾ, ಸಾಹೇಬ್ರು ನಿಮ್ಮ ಕಾಳಜಿ ಭಾಳ ಮಾಡಾಕತ್ತಾರ್ರಿ. ಹೊಲದ ಕಡೆ ಸ್ವಲ್ಪ ಕಡಿಮಿ ಹೋಗ್ರಿ" ಎನ್ನುತ್ತೇನೆ. ಕಾಕಾ ಕೈ ಮುಗಿದು, "ದೇವರಂಥಾ ಡಾಕ್ಟರು" ಎನ್ನುತ್ತಾನೆ. ನಾನು ಡಾಕ್ಟರರಿಗೆ, "ತಪ್ಪಾಯಿತು ಅನ್ನುತ್ತಿದ್ದಾರೆ" ಎಂದು ಹೇಳುತ್ತೇನೆ. ಮೂವರಿಗೂ ಸಮಾಧಾನ. ಹದಿನೈದು ದಿನ ಬಿಟ್ಟು ಅದೇ ಕಾಕಾ ಅದೇ ಕಾಲನ್ನು ಇನ್ನಷ್ಟು ಊದಿಸಿಕೊಂಡು ಬಂದ. "ನೀವು ಹೇಳಿದಂಗ ಕಡಿಮಿನ ಮಾಡೇನ್ರಿ. ಮೊದಲ ದಿನಾ ಹೋಗ್ತಿದ್ದೆ, ಈಗ ದಿನಾ ಬಿಟ್ಟು ದಿನಾ ಹೋಗ್ತೇನಿ" ಅಂದ. ಆವತ್ತೇ ನನ್ನ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ, ಕಾಕಾನ ಮುಗ್ಧತೆಗೆ ನಕ್ಕುಬಿಟ್ಟೆ.

ಈಗ ಸಾಫ್ಟ್‌ಬಾಲಿಗೆ ಬರುತ್ತೇನೆ. ಕರ್ನಾಟಕದ ಒಳಗಿನವರಿಗೆ ಈ ಆಟ ಅಷ್ಟು ಪರಿಚಯವಿರಲಿಕ್ಕಿಲ್ಲ, ನಮ್ಮ ಸಾಂಗ್ಲಿ ಕಡೆ ಶಾಲೆಯ ಹುಡುಗಿಯರಿಗೆ ಇದರ ಹುಚ್ಚು. ಒಬ್ಬಳು ಭುಜವನ್ನು ಗಾಣದ ಹಾಗೆ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಬಿಡುತ್ತಾಳೆ. ಅವಳಿಗೆ ಪಿಚರ್ ಎನ್ನುತ್ತಾರೆ. ಎದುರಿನವಳು ಬ್ಯಾಟು ಬೀಸಿ ನಾಲ್ಕು ಮೂಲೆ ಓಡುತ್ತಾಳೆ. ಟೀಮಿಗೆ ಒಂಬತ್ತು ಜನ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಮೂರು ವರ್ಷ ಮೈದಾನದ ಅಂಚಿನಲ್ಲಿ ನಿಂತು ಚಪ್ಪಾಳೆ ಹೊಡೆದಿದ್ದೇನೆ, ಅದೂ ಪಕ್ಕದವರು ಹೊಡೆದ ಮೇಲೆ.

ನನ್ನ ಮಗಳು ರೇಣುಕಾ ಎಂಟನೇ ಇಯತ್ತೆ. ಅವಳು ಪಿಚರ್. ಅವಳಿಗೆ ಚೆಂಡು ಬಿಡುವುದನ್ನು ಕಲಿಸಿದ್ದು ಮಾದೇವಿ ಮಾವಶಿ. ನಮ್ಮ ಕುಪವಾಡದ ಗಲ್ಲಿಯವಳು, ಗಲ್ಲಿಯ ಮಕ್ಕಳಿಗೆಲ್ಲ ಮಾವಶಿ ಎಂದರೆ ಚಿಕ್ಕವ್ವ, ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಜತ್ತ ತಾಲೂಕಿನ ಕುರಿಗಾರರ ಮನೆಯ ಹೆಣ್ಣುಮಗಳು. ಅಡ್ಡದಾರಿ ಹಿಡಿದ ಕುರಿಯ ಮುಂದೆ ಕಲ್ಲು ಬೀಳುವಂತೆ, ಆದರೆ ಕುರಿಗೆ ತಾಗದಂತೆ, ಕೆಳಗೈಯಿಂದ ಬೀಸುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಅದನ್ನೇ ಇಟ್ಟುಕೊಂಡು ಗಲ್ಲಿಯ ಹುಡುಗಿಯರನ್ನು ಕೂಡಿಸಿ ಟೀಮು ಕಟ್ಟಿದಳು. ಭಾನುವಾರ ಭಾನುವಾರ ಕಾರ್ಖಾನೆಗಳ ಹಿಂದಿನ ಬಯಲಿನಲ್ಲಿ ಗಲ್ಲಿ ಗಲ್ಲಿಗಳ ನಡುವೆ ಲೀಗ್ ಆಟ ನಡೆಯುತ್ತದೆ. ಕಪ್ಪೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಗೆದ್ದವರು ಸೋತವರ ಗಲ್ಲಿಯಲ್ಲಿ ಚುರಮುರಿ ತಿಂದು ಬರುವುದೇ ಬಹುಮಾನ. ನಮ್ಮ ಟೀಮಿನಲ್ಲಿ ಇರುವುದು ಸರಿಯಾಗಿ ಒಂಬತ್ತೇ ಹುಡುಗಿಯರು. ಒಬ್ಬಳಿಗೆ ಜ್ವರ ಬಂದರೂ ಟೀಮಿಗೇ ಜ್ವರ, ಏಕೆಂದರೆ ಎಂಟು ಜನರಿಗೆ ಆಡಲು ಬಿಡುವುದಿಲ್ಲ. ರೇಣುವಿನ ಚೆಂಡನ್ನು ಹಿಡಿಯುವವಳು ಅಶ್ವಿನಿ, ಪಕ್ಕದ ಮನೆಯವಳು. ಇಬ್ಬರೂ ಒಂದೇ ಬಾಟಲಿಯ ನೀರು ಕುಡಿಯುವ ಗೆಳತಿಯರು.

ಎರಡು ತಿಂಗಳ ಹಿಂದೆ ಸಾಂಗ್ಲಿಯ ಕದಮ ಸರ್ ಆಟ ನೋಡಲು ಬಂದರು. ಅವರದು ದೊಡ್ಡ ಟೀಮು. ಸಾತಾರಾ, ಸೋಲಾಪುರ, ನಾಸಿಕ ಎಂದು ಊರೂರು ಸುತ್ತಿ ಆಡುವ ಆಯ್ದ ಹುಡುಗಿಯರ ತಂಡ. ಅವರು ರೇಣುವನ್ನು ಆರಿಸಿದರು. ಅಶ್ವಿನಿಯನ್ನು ಆರಿಸಲಿಲ್ಲ. ರೇಣು ಆ ದಿನ ಅರ್ಧ ನಕ್ಕಳು, ಅರ್ಧ ಅತ್ತಳು. ಎರಡೂ ಟೀಮು ಬೇಕು ಅಂದಳು. ಕದಮ ಸರ್ ಟೀಮಿಗೆ ಹೋದರೆ ಮುಂದೆ ರಾಜ್ಯದ ಟೀಮಿಗೆ ದಾರಿ. ಗಲ್ಲಿ ಟೀಮು ಬಿಟ್ಟರೆ ಉಳಿದ ಎಂಟು ಹುಡುಗಿಯರ ಭಾನುವಾರ ಮುಗಿಯಿತು. "ಅಶ್ವಿನಿಗೆ ಬ್ಯಾರೆ ಟೀಮ ಇಲ್ಲ, ಪಪ್ಪಾ" ಅಂದಳು. ನಾನು ಎದೆ ಮುಟ್ಟಿಕೊಂಡು, "ನೀ ಚಿಂತಿ ಮಾಡಬ್ಯಾಡ. ಇಬ್ಬರ ಕೂಡಾನೂ ನಾ ಮಾತಾಡ್ತೇನಿ" ಅಂದೆ. ಮಾತಾಡುವುದೇ ನನ್ನ ಕಸುಬಲ್ಲವೇ!

ಸರ್ ಅವರಲ್ಲಿ ಹೋದೆ. ಅವರು ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಬೆಳಿಗ್ಗೆ ಆರಕ್ಕೆ ಸಾಂಗ್ಲಿ ಮೈದಾನದಲ್ಲಿ ಇರಬೇಕು, ಸಂಜೆ ಭುಜಕ್ಕೆ ವಿಶ್ರಾಂತಿ ಕೊಡಬೇಕು, ಗಲ್ಲಿ ಆಟ ಪೂರ್ತಿ ಬಂದ್. ಒಂದು ಭುಜ ಎರಡು ಟೀಮನ್ನು ಹೊರುವುದಿಲ್ಲ. ನಾನು ತಲೆಯಾಡಿಸಿದೆ. ಕುಪವಾಡಕ್ಕೆ ಬಂದು ಮಾವಶಿಗೆ, "ಸರ್ ಅಂದ್ರು, ಸಂಜಿ ಮುಂದ ಹಗೂರಕ ಆಡಿದ್ರ ಚಲೋ ಅಂತ" ಎಂದು ಹೇಳಿದೆ. ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹಗೂರ ಅಂದ್ರ? ಆ ಹುಡುಗಿಗೆ ಕೈ ಬೀಸೂದು ಕಲಿಸಿದಾಕಿ ನಾನು. ಈಗ ಬಂದು ಅವರು ಹಗೂರ ಅಂತಾರೇನು? ಭಾನುವಾರ ಆಕಿ ನಮ್ಮಾಕಿ ಅಂತ ಹೇಳು. ನಾವು ಮಂದಿ ಉಂಡು ಬಿಟ್ಟಿದ್ದು ತಿನ್ನಾವರಲ್ಲ ಅಂತನೂ ಹೇಳು." ಮರುದಿನ ಸರ್ ಕೇಳಿದಾಗ ನಾನು, "ನಿಮ್ಮ ಕೈಗೆ ಹುಡುಗಿ ಬಿದ್ದದ್ದು ನಮ್ಮ ಪುಣ್ಯ ಅಂದರು ಮಾವಶಿ. ಇನ್ನು ಅವಳು ನಿಮ್ಮವಳು ಅಂದರು" ಎಂದು ಹೇಳಿದೆ. ಹೇಳುವಾಗ ನನಗೇ ಕಣ್ಣು ಹನಿಗೂಡಿತು, ಅಷ್ಟು ಚೆನ್ನಾಗಿ ಬಂದಿತ್ತು. ಮಾವಶಿಗೆ, "ಭಾನುವಾರ ಆಕಿ ನಿಮ್ಮಾಕಿನ ಅಂತ ಸರ್ ಒಪ್ಯಾರ" ಎಂದೆ.

ಇಬ್ಬರ ಹತ್ತಿರವೂ ಮೊಬೈಲಿದೆ, ನೇರವಾಗಿ ಏಕೆ ಮಾತಾಡಲಿಲ್ಲ ಎಂದು ನೀವು ಕೇಳಬಹುದು. ಸರ್ ಅವರ ಲೆಕ್ಕದಲ್ಲಿ ದೊಡ್ಡ ಟೀಮಿನ ಕೋಚು ಮೊದಲು ಫೋನು ಮಾಡುವುದು ಸರಿಯಲ್ಲ. ಮಾವಶಿಯ ಲೆಕ್ಕದಲ್ಲಿ ಹುಡುಗಿಯನ್ನು ಕೊಟ್ಟವರು ಮೊದಲು ಫೋನು ಮಾಡುವುದು ಸರಿಯಲ್ಲ. ಹೆಣ್ಣು ಕೊಟ್ಟ ಬೀಗರು, ತಂದ ಬೀಗರು ಇದ್ದ ಹಾಗೆ ಇಬ್ಬರೂ ಬಿಗಿಯಾಗಿ ಕೂತರು. ನಡುವೆ ನಾನೊಬ್ಬ ಸ್ಕೂಟರಿನ ಮೇಲೆ ಓಡಾಡುತ್ತಿದ್ದೆ.

ವಿಚಿತ್ರವೆಂದರೆ ನನ್ನ ಬೆಲ್ಲ ಕೆಲಸ ಮಾಡಿತು. ಮಾವಶಿಯ ದೊಡ್ಡ ಮನಸ್ಸಿಗೆ ಮೆಚ್ಚಿ ಸರ್ ತಮ್ಮ ಟೀಮಿನ ಹಳೆಯ ಗ್ಲೋವ್ಸುಗಳನ್ನು ಒಂದು ಚೀಲದಲ್ಲಿ ತುಂಬಿ ಕಳಿಸಿದರು. ಮಾವಶಿ ಚೀಲ ಬಿಚ್ಚಿ ಒಂದನ್ನು ತನ್ನ ಕೈಗೇ ಹಾಕಿ ನೋಡಿದಳು. "ಮನಶಾ ಅಷ್ಟೇನ ಕೆಟ್ಟಾಂವ ಅಲ್ಲ ಬಿಡು" ಅಂದಳು. ಇಷ್ಟನ್ನು ಮಾತ್ರ ನಾನು ಬೆಲ್ಲ ಹಚ್ಚದೆ ತಲುಪಿಸಬಹುದಿತ್ತು, ಆದರೆ ಅಭ್ಯಾಸಬಲ. "ದೇವಮಾನವ ಅಂದರು" ಎಂದುಬಿಟ್ಟೆ. ಮುಂದಿನ ವಾರ ಮಾವಶಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಸರ್ ಮೈದಾನದಲ್ಲಿಯೇ ನಿಂತು ಅದನ್ನು ತಿಂದರು. ಒಬ್ಬರನ್ನೊಬ್ಬರು ನೋಡದೆಯೇ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಹುಟ್ಟಿತು. ರೇಣು ಬೆಳಿಗ್ಗೆ ಸಾಂಗ್ಲಿಯಲ್ಲಿ ಚೆಂಡು ಬಿಡುತ್ತಿದ್ದಳು, ಸಂಜೆ ಕುಪವಾಡದಲ್ಲಿ ಬಿಡುತ್ತಿದ್ದಳು, ಭಾನುವಾರ ಗಲ್ಲಿಗಾಗಿ ಬಿಡುತ್ತಿದ್ದಳು. ಸರ್ ತಿಳಿದದ್ದು ಸಂಜೆ ಅವಳು ಅಭ್ಯಾಸದ ಪುಸ್ತಕ ಓದುತ್ತಾಳೆಂದು. ಮಾವಶಿ ತಿಳಿದದ್ದು ಬೆಳಿಗ್ಗೆ ಅವಳು ಮೈದಾನದ ಸುತ್ತ ನಾಲ್ಕು ಸುತ್ತು ಓಡಿ ಬರುತ್ತಾಳೆಂದು. ಇದೆಲ್ಲ ಅವರಾಗಿಯೇ ತಿಳಿದದ್ದಲ್ಲ.

ಈ ನಡುವೆ ಒಂದು ಬೆಳಿಗ್ಗೆ ರೇಣು ಎಡಗೈಯಿಂದ ತಲೆ ಬಾಚಿಕೊಳ್ಳುತ್ತಿದ್ದಳು. "ಪಪ್ಪಾ, ಖಾಂದಾ ನೋಯಾಕತ್ತೈತಿ" ಎಂದು ಬಲಭುಜ ತೋರಿಸಿದಳು. ನಾನು ಸ್ಕೂಟರ್ ಒರೆಸುತ್ತ, "ಪ್ರ್ಯಾಕ್ಟೀಸ ಹೊಸಾದು, ಹಂಗ ಆಗತೈತಿ. ಎಣ್ಣಿ ಹಚ್ಕೊ" ಅಂದೆ. ಮತ್ತೆ ಒಂದು ವಾರ ಬಿಟ್ಟು ಹೇಳಿದಳು. ನನ್ನ ಹೆಂಡತಿ, "ಏನಂತ ಆಕಿಗೆ?" ಎಂದು ಒಳಗಿನಿಂದ ಕೇಳಿದಾಗ ನಾನು, "ಏನಿಲ್ಲ, ಸ್ವಲ್ಪ ದಣದಾಳ" ಎಂದೆ. ಮೂರನೆಯ ಸಲ ರೇಣು ಹೇಳಲಿಲ್ಲ. ಹೇಳದಿದ್ದದ್ದನ್ನು ನಾನು ವಾಸಿಯಾಯಿತೆಂದು ತಿಳಿದೆ.

ಆಮೇಲೆ ಆ ಭಾನುವಾರ ಬಂತು. ಮಿರಜದಿಂದ ಹನ್ನೊಂದರ ಗಾಡಿಗೆ ಸರ್ ಟೀಮು ಟೂರ್ನಮೆಂಟಿಗೆಂದು ಸೋಲಾಪುರಕ್ಕೆ ಹೊರಡುವುದಿತ್ತು. ಅದೇ ದಿನ ಎಂಟಕ್ಕೆ ನಮ್ಮ ಗಲ್ಲಿ ಲೀಗಿನ ಸೆಮಿಫೈನಲ್. ಟೂರ್ನಮೆಂಟಿಗೆ ಎರಡು ದಿನ ಮೊದಲಿನಿಂದ ರೇಣು ಚೆಂಡು ಮುಟ್ಟಬಾರದು ಎಂದು ಸರ್ ಹೇಳಿದ್ದರು. ಪೂರ್ತಿ ಆಟ ಅವಳೇ ಪಿಚ್ ಮಾಡಬೇಕು ಎಂದು ಮಾವಶಿ ಹೇಳಿದ್ದಳು. ನಾನು ಮಾವಶಿಗೆ "ಆತು" ಎಂದಿದ್ದೆ, ಸರ್ ಅವರಿಗೆ ಮರಾಠಿಯಲ್ಲಿ "ಹೋ" ಎಂದಿದ್ದೆ. ಎಂಟಕ್ಕೆ ಆಟ, ಒಂಬತ್ತೂವರೆಗೆ ಮುಗಿತಾಯ, ಹತ್ತೂವರೆಗೆ ಸ್ಟೇಶನ್. ರೈಲ್ವೆ ಟೈಮ್‌ಟೇಬಲ್ಲಿನಂಥ ನನ್ನ ಯೋಜನೆಯಲ್ಲಿ ಎಲ್ಲವೂ ಇತ್ತು, ಮಗಳ ಭುಜ ಒಂದು ಇರಲಿಲ್ಲ.

ಆಟ ಶುರುವಾಗಲು ಹತ್ತು ನಿಮಿಷವಿತ್ತು. ಹುಡುಗಿಯರು ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಅಷ್ಟರಲ್ಲಿ ಬಯಲಿನ ತುದಿಯಲ್ಲಿ ಒಂದು ರಿಕ್ಷಾ ನಿಂತು ಕದಮ ಸರ್ ಇಳಿದರು. ಕೈಯಲ್ಲಿ ಒಂದು ಶಾಲು, ಒಂದು ತೆಂಗಿನಕಾಯಿ. ನಮ್ಮ ಕಡೆ ಯಾರನ್ನಾದರೂ ಮೆಚ್ಚಿದರೆ ಶಾಲು ಹೊದಿಸಿ ಕಾಯಿ ಕೊಟ್ಟು ಸತ್ಕಾರ ಮಾಡದೆ ಬಿಡುವುದಿಲ್ಲ. ಊರಿಗೆ ಹೊರಡುವ ಮೊದಲು ಇಷ್ಟು ದೊಡ್ಡ ಮನಸ್ಸಿನ ಹೆಣ್ಣುಮಗಳಿಗೆ ಸತ್ಕಾರ ಮಾಡಿಯೇ ಹೋಗಬೇಕು ಎಂದು ಅವರಿಗೆ ಅನ್ನಿಸಿದೆ. ಓಡಿ ಹೋಗಿ ಎದುರು ನಿಂತೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ ಮಾವಶಿಯ ಹೆಗಲಿಗೆ ಶಾಲು ಹೊದಿಸಿ ಕಾಯಿ ಕೊಟ್ಟು, "ಸ್ವಂತ ಟೀಮಿಗೆ ಕಷ್ಟವಾದರೂ ಹುಡುಗಿಯನ್ನು ಬಿಟ್ಟುಕೊಟ್ಟಿರಿ, ಇಂಥ ಮನಸ್ಸು ಎಲ್ಲರಿಗೂ ಬರುವುದಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು.

ಮಾವಶಿ ಕೈಯಲ್ಲಿನ ಕಾಯಿ ನೋಡಿದಳು, ಶಾಲು ನೋಡಿದಳು, ನನ್ನನ್ನು ನೋಡಿದಳು. ನಾನು ಅವಸರದಿಂದ, "ಸರ್ ಏನಂತಾರಂದ್ರ ಮಾವಶಿ—" ಎಂದು ಶುರು ಮಾಡಿದೆ.

"ನೀ ಸುಮ್ನಿರು ಬಸಣ್ಣಾ" ಅಂದಳು. "ಮೂವತ್ತು ವರ್ಷ ಆತು ಕುಪವಾಡದಾಗ ಇದ್ದು. ನಂಗ ಮರಾಠಿ ಬರೂದಿಲ್ಲೇನು?" ಸರ್ ಕಡೆ ತಿರುಗಿ, "ಯಾರನ್ನ ಬಿಟ್ಟುಕೊಟ್ಟೇನ್ರಿ ನಾನು? ಭಾನುವಾರ ಆಕಿ ನಮ್ಮಾಕಿ ಅಂತ ನೀವ ಒಪ್ಪೀರಿ ಅಂದಾನಲ್ಲ ಇಂವಾ!" ಎಂದಳು. ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದುಬಿಟ್ಟಳು. ಇದೊಂದು ಅವಕಾಶ ಸಿಕ್ಕಿತೆಂದು ನಾನು ಸರ್ ಕಡೆ ತಿರುಗಿ ಮರಾಠಿಯಲ್ಲಿ ಬಾಯಿ ತೆರೆದೆ. ಸರ್ ಕೈ ಅಡ್ಡ ಹಿಡಿದರು. "ನಂಗೂ ತಿಳೀತೈತ್ರಿ. ನಮ್ಮ ತಾಯಿ ತವರಮನಿ ಚಿಕ್ಕೋಡಿ" ಅಂದರು.

ಹದಿನೈದು ವರ್ಷದ ನೌಕರಿಯಲ್ಲಿ ಇಂಥ ಪ್ರಸಂಗ ನನಗೆ ಎದುರಾಗಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ವಿದ್ಯೆ ನಡೆಯುವುದು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲವೆಂದು. ಇಲ್ಲಿ ಇಬ್ಬರಿಗೂ ಎರಡೂ ತಿಳಿಯುತ್ತಿತ್ತು. ಸಾಂಗ್ಲಿ-ಮಿರಜದಲ್ಲಿ ಹುಟ್ಟಿ ಬೆಳೆದ ಮನುಷ್ಯ ಇಷ್ಟನ್ನು ಮರೆತರೆ ಅವನಿಗೆ ಏನನ್ನಬೇಕು? ಇಬ್ಬರೂ ನನ್ನ ಎದುರಿಗೇ ಎರಡು ತಿಂಗಳ ಸಂದೇಶಗಳನ್ನು ಒಂದೊಂದಾಗಿ ತಾಳೆ ನೋಡಿದರು. "ದೇವಮಾನವ ಅಂದಿರಂತೆ?" "ನಾನು? ಕೆಟ್ಟಾಂವ ಅಲ್ಲ ಅಂದಿದ್ದೆ, ಅಷ್ಟ." ನಾನು ಸುಣ್ಣದ ಗೆರೆಯನ್ನು ಬಹಳ ಆಸ್ಥೆಯಿಂದ ನೋಡುತ್ತ ನಿಂತೆ. ಕಡೆಗೆ ಸರ್ ಅವರಿಗೆ ಮುಖ್ಯವಾದ ಪ್ರಶ್ನೆ ಹೊಳೆಯಿತು. "ಅಂದರೆ ಹುಡುಗಿ ಎರಡೂ ಹೊತ್ತು ಚೆಂಡು ಬಿಡುತ್ತಿದ್ದಾಳೆ?" ಎಂದರು. ಮಾವಶಿಯೂ ಅದನ್ನೇ ಕೇಳಿದಳು. ಇಬ್ಬರ ದನಿಯಲ್ಲೂ ಸಿಟ್ಟು ಹೋಗಿ ಗಾಬರಿ ಬಂದಿತ್ತು.

ಉತ್ತರ ಕೊಡಲು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ರೇಣು ಬಂದು ನಡುವೆ ನಿಂತಳು. ಗ್ಲೋವ್ಸು ತೆಗೆದು ಅಶ್ವಿನಿಯ ಕೈಗೆ ಕೊಟ್ಟಳು. ಮಾವಶಿಗೆ ಕನ್ನಡದಲ್ಲಿ, "ಮಾವಶಿ, ನನ್ನ ಕೈ ಭಾಳ ನೋಯ್ತೈತಿ, ಮ್ಯಾಲ ಎತ್ತಾಕ ಬರವಲ್ದು" ಅಂದಳು. ಅದನ್ನೇ ಸರ್ ಅವರಿಗೆ ಮರಾಠಿಯಲ್ಲಿ ಅಂದಳು. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ ಅಳತೊಡಗಿದಳು. ಮಾವಶಿ ಕಾಯಿಯನ್ನು ನನ್ನ ಕೈಗೆ ತುರುಕಿ ಹೊದ್ದ ಶಾಲಿನಿಂದಲೇ ಅವಳ ಮುಖ ಒರೆಸಿದಳು.

ಸೋಲಾಪುರಕ್ಕೆ ರೇಣು ಹೋಗಲಿಲ್ಲ. ಕೈ ನೋಯುವ ಹುಡುಗಿಯನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಸರ್ ಹೇಳಿದರು. ಹೇಳುವಾಗ ಅವಳ ತಲೆಯ ಮೇಲೆ ಕೈಯಿಟ್ಟಿದ್ದರು. ಗಲ್ಲಿಯ ಆಟಕ್ಕೆ ಒಂಬತ್ತು ಜನ ಬೇಕಲ್ಲ, ಅದಕ್ಕೆ ಅವಳನ್ನು ಚೆಂಡು ಬಾರದ ದೂರದ ಮೂಲೆಯಲ್ಲಿ ನಿಲ್ಲಿಸಿದರು. ಚೆಂಡು ಬಂದರೆ ಮುಟ್ಟಬೇಡ ಎಂದು ಇಬ್ಬರೂ ಕೋಚುಗಳು ಒಂದೇ ಉಸಿರಿನಲ್ಲಿ ಹೇಳಿದರು. ಪಿಚ್ ಮಾಡುವವರು ಯಾರು? ಅಶ್ವಿನಿ ನಾನು ಮಾಡುತ್ತೇನೆ ಅಂದಳು. ಜನ್ಮದಲ್ಲಿ ಮಾಡಿದವಳಲ್ಲ. ಸರ್ ಗಡಿಯಾರ ನೋಡಿದರು, ಪ್ಯಾಂಟಿನ ಕಾಲು ಮಡಚಿದರು, ಮಣ್ಣಿನಲ್ಲಿ ಮೊಣಕಾಲೂರಿ ಅವಳಿಗೆ ಚೆಂಡು ಹಿಡಿಯುವುದನ್ನು ತೋರಿಸಿದರು. ಅವಳ ಮೊದಲ ಚೆಂಡು ಚಹಾದ ಗಾಡಿಯ ಹತ್ತಿರ ಹೋಗಿ ಬಿತ್ತು. ನಮ್ಮ ಗಲ್ಲಿ ಭಾರೀ ಅಂತರದಿಂದ ಸೋತಿತು. ಆದರೆ ಏಳನೆಯ ಇನ್ನಿಂಗ್ಸಿನಲ್ಲಿ ಅಶ್ವಿನಿ ಬರೀ ತನ್ನ ಚೆಂಡಿನಿಂದಲೇ ಒಬ್ಬಳನ್ನು ಔಟ್ ಮಾಡಿದಳು. ದೂರದ ಮೂಲೆಯಿಂದ ರೇಣು ಒಂದೇ ಕೈ ಮೇಲೆತ್ತಿ ಕುಣಿದದ್ದು ನನಗೆ ಕಂಡಿತು. ಸರ್ ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಗಾಡಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದರು.

ಹೊರಡುವ ಮೊದಲು ಅವರೂ ಮಾವಶಿಯೂ ಚಹಾದ ಗಾಡಿಯ ಹತ್ತಿರ ಒಂದೊಂದು ಕಪ್ ಚಹಾ ಕುಡಿದರು. ನನ್ನನ್ನು ಕರೆಯಲಿಲ್ಲ. ಆ ಒಂದು ಚಹಾದಲ್ಲಿ ಎಲ್ಲ ಇತ್ಯರ್ಥವಾಯಿತು. ಸರ್ ಟೀಮಿನ ಟೂರ್ನಮೆಂಟು ಇರುವ ತಿಂಗಳು ಗಲ್ಲಿಯಲ್ಲಿ ರೇಣು ಪಿಚ್ ಮಾಡುವುದಿಲ್ಲ, ಬೇರೆ ಜಾಗದಲ್ಲಿ ನಿಲ್ಲುತ್ತಾಳೆ. ಉಳಿದ ತಿಂಗಳು ಭಾನುವಾರ ಮಾವಶಿಯದು, ಅದರ ಮರುದಿನ ಬೆಳಿಗ್ಗೆ ಸರ್ ಅವಳನ್ನು ಕರೆಯುವುದಿಲ್ಲ. ಅಶ್ವಿನಿಗೂ ಪಿಚಿಂಗ್ ಕಲಿಸುವುದು. ಇಬ್ಬರೂ ಒಬ್ಬರ ನಂಬರು ಒಬ್ಬರು ಬರೆದುಕೊಂಡರು. ನಾನು ಎರಡು ತಿಂಗಳು ಸ್ಕೂಟರ್ ಓಡಿಸಿ ಗೋಜಲು ಮಾಡಿದ್ದನ್ನು ಅವರು ಚಹಾ ಆರುವುದರೊಳಗೆ ಬಿಡಿಸಿದ್ದರು. "ಬಸಣ್ಣಾ, ಇನ್ನ ಮ್ಯಾಲ ನೀ ನಡುವ ಬರಬ್ಯಾಡಪಾ" ಎಂದು ಮಾವಶಿ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಸೋಮವಾರ ರೇಣುವನ್ನು ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಎಲುಬಿನ ಡಾಕ್ಟರರು ಭುಜ ಒತ್ತಿ ನೋಡಿ, ಎಷ್ಟು ದಿನದಿಂದ ನೋವು ಎಂದು ಕೇಳಿದರು. "ನಾಲ್ಕೈದು ದಿನ" ಎಂದು ನಾನು ಹೇಳುವುದಕ್ಕೂ "ಒಂದು ತಿಂಗಳು, ಪಪ್ಪಾಗೆ ಎರಡು ಸಲ ಹೇಳಿದ್ದೆ" ಎಂದು ಅವಳು ಹೇಳುವುದಕ್ಕೂ ಸರಿಹೋಯಿತು. ಡಾಕ್ಟರರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹದಿನೈದು ವರ್ಷ ಅವರ ಸಿಟ್ಟನ್ನು ಹೊತ್ತು ಬೇರೆಯವರಿಗೆ ಮುಟ್ಟಿಸಿದವನು ನಾನು. ಅದು ನೇರವಾಗಿ ನನಗೇ ಬಡಿದದ್ದು ಇದೇ ಮೊದಲು. ಏನೇನು ಅಂದರೆಂಬುದು ಹೊರಗೆ ಬೆಂಚಿನ ಮೇಲೆ ಕೂತ ಪೇಶಂಟುಗಳಿಗೆಲ್ಲ ಕೇಳಿಸಿತು. ಮೂರು ವಾರ ಚೆಂಡು ಮುಟ್ಟುವ ಹಾಗಿಲ್ಲ, ಆಮೇಲೆ ಸರಿಯಾಗುತ್ತದೆ ಎಂದು ಕೊನೆಗೆ ರೇಣುವಿಗೆ ಮಾತ್ರ ಮೆತ್ತಗೆ ಹೇಳಿದರು.

ಮನೆಯಲ್ಲಿ ನನ್ನ ಅವ್ವ ಹೊಸ್ತಿಲಲ್ಲಿಯೇ ಕಾಯುತ್ತಿದ್ದಳು. ಎಷ್ಟೋ ವರ್ಷದಿಂದ ಇಲ್ಲಿದ್ದರೂ ಅವಳಿಗೆ ಮರಾಠಿ ತಲೆಗೆ ಹತ್ತಿಲ್ಲ. "ಡಾಕ್ಟರ ಏನಂದ್ರೋ?" ಎಂದು ಕೇಳಿದಳು. ನಾನು ಚಪ್ಪಲಿ ಬಿಡುತ್ತ, "ಏನಿಲ್ಲವ್ವಾ, ಸ್ವಲ್ಪ—" ಎಂದೆ.

"ಪಪ್ಪಾ, ನಾ ಹೇಳ್ತೇನಿ" ಅಂದಳು ರೇಣು. ಅಜ್ಜಿಯ ಪಕ್ಕದಲ್ಲಿ ಕೂತು ಹೇಳತೊಡಗಿದಳು. "ಡಾಕ್ಟರ್ ಅಂದ್ರು, ಅಜ್ಜಿ: ಕೂಸು ಎರಡ ಸಲ ಬಾಯಿ ಬಿಟ್ಟು ಹೇಳೈತಿ, ಅಪ್ಪ ಅನ್ನಾಂವ ಕೇಳಿಲ್ಲ. ದವಾಖಾನ್ಯಾಗ ದುಡಿಯಾಂವಗ ಮಗಳ ನೋವು ತಿಳೀಲಿಲ್ಲ ಅಂದ್ರ ಊರ ಮಂದಿಗೆ ಏನ ಹೇಳ್ತಿ ಅಂದ್ರು." ಹೇಳಿ ಮುಗಿಸಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸರಿಯಾಗಿ ಹೇಳಿದೆನೇ ಎಂದು ಕೇಳುವಂತಿತ್ತು. ಸರಿಯಾಗಿಯೇ ಹೇಳಿದ್ದಳು. ನಾನು ತಲೆಯಾಡಿಸಿದೆ.

ಅವ್ವ ಎದ್ದು ಮೊಮ್ಮಗಳ ಭುಜಕ್ಕೆ ಬಿಸಿ ಬಟ್ಟೆಯ ಶಾಖ ಕೊಟ್ಟಳು, ಅವಳನ್ನು ಮಲಗಿಸಿದಳು, ಆಮೇಲೆ ನನ್ನ ಎದುರಿಗೆ ಬಂದು ಕೂತಳು. ರೇಣು ಹಾಸಿಗೆಯಲ್ಲಿ ಕಣ್ಣು ಬಿಟ್ಟೇ ಇದ್ದಳು. ಅವ್ವ ನನಗೆ ಏನಂದಳೆಂಬುದನ್ನು ನಿಮಗೆ ಹೇಳಬೇಕೆಂದು ಮೂರು ಸಲ ಬರೆದೆ. ಮೂರು ಸಲವೂ ಓದಿ ನೋಡಿದರೆ ಅವಳು ಅಂದದ್ದಕ್ಕಿಂತ ಬಹಳ ಮೆತ್ತಗಾಗಿತ್ತು. ಅದಕ್ಕೇ ಹೊಡೆದು ಹಾಕಿದ್ದೇನೆ. ಅಷ್ಟು ಬೇಕಿದ್ದರೆ ಕುಪವಾಡಕ್ಕೆ ಬಂದು ರೇಣುವನ್ನೇ ಕೇಳಿ.